ಮಾವನವರ ಅರ್ಧ ಸೇತುವೆ

ಪ್ರವಾಸ ಮುಗಿಯಿತೆಂದು ಖಾತ್ರಿಯಾಗುವುದು ವಿಮಾನ ನಿಲ್ದಾಣದಲ್ಲಲ್ಲ. ಬಾಡಿಗೆ ಕಾರನ್ನು ಒಪ್ಪಿಸುವ ಮುನ್ನ ಅದರ ಸೀಟಿನ ಕೆಳಗೆ ಕೈ ಹಾಕಿದಾಗ. ಕ್ರೈಸ್ಟ್‌ಚರ್ಚಿನ ಮೋಟೆಲಿನ ಅಂಗಳದಲ್ಲಿ ನಾನು ಕೈ ಹಾಕಿದೆ. ಕೋಡುಬಳೆಯ ಚೂರುಗಳು, ಮಗಳ ಒಂಟಿ ಕಾಲುಚೀಲ, ಅಮೃತಾಂಜನದ ಮುಚ್ಚಳ, ನಾವು ಹೋಗಿದ್ದೆವೆಂಬ ನೆನಪೇ ಇಲ್ಲದ ಊರೊಂದರ ಪೆಟ್ರೋಲ್ ರಸೀದಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಸುತ್ತಿ ಬಂದ ಸಂಸಾರದ ಅಧಿಕೃತ ದಾಖಲೆ ಇಷ್ಟು.

ಹೆಂಡತಿ ನೋಡಿದ ದೇಶವೇ ಬೇರೆ. ಬೆಟ್ಟ ಬಂದ ಕೂಡಲೇ ಅವಳಿಗೆ ನಿದ್ದೆ, ಬಯಲು ಬಂದರೆ ಎಚ್ಚರ. ಪುಕಾಕಿ ಸರೋವರದ ನೀರು ನಂಬಲಾಗದಷ್ಟು ನೀಲಿ. ಹಿಮನದಿ ಬಂಡೆಯನ್ನು ನುಣ್ಣಗೆ ಅರೆದು ಕಳಿಸುವ ಹಿಟ್ಟು ನೀರಲ್ಲಿ ತೇಲುವುದರಿಂದ ಆ ಬಣ್ಣ ಎಂದು ಮಗಳು ಫೋನ್ ನೋಡಿ ಹೇಳುವಾಗ ಇವಳು ಬಾಯಿ ತೆರೆದು ಮಲಗಿದ್ದಳು. ಅದರಾಚೆ 3,724 ಮೀಟರಿನ ಔರಾಕಿ ಮೌಂಟ್ ಕುಕ್. ಅಲ್ಲಿನ ಐದು ಡಾಲರ್ ನೋಟಿನ ಮೇಲಿರುವ ಹಿಲರಿ ಎವರೆಸ್ಟಿಗೆ ಮೊದಲು ಕಾಲು ಪಳಗಿಸಿಕೊಂಡ ಬೆಟ್ಟ. ಎಬ್ಬಿಸಿದರೆ "ಒಂದು ಗಳಿಗೆ ಕಣ್ಣು ಮುಚ್ಚೋಕೂ ಬಿಡಲ್ಲ", ಎಬ್ಬಿಸದಿದ್ದರೆ "ಒಂದು ಮಾತು ಹೇಳಬಾರದಿತ್ತಾ". ಹೀಗಾಗಿ, ಈ ದೇಶದಲ್ಲಿ ಬರೀ ಕುರಿಗಳಿವೆ ಎಂಬುದು ಅವಳ ಖಚಿತ ಅಭಿಪ್ರಾಯ. ಜನ ಐವತ್ತು ಲಕ್ಷದ ಆಸುಪಾಸು, ಕುರಿ ಎರಡು ಕೋಟಿಗೂ ಮೇಲೆ. ಕಣ್ಣು ಬಿಟ್ಟಷ್ಟು ಹೊತ್ತು ಸರಿಯಾಗಿಯೇ ನೋಡಿದ್ದಾಳೆ.

ಇನ್ನು ನಮ್ಮ ಮಾವ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಬೆಟ್ಟ, ಸರೋವರ, ಹಿಮನದಿ ಇವೆಲ್ಲ ಯಾರೂ ಟೆಂಡರ್ ಕರೆಯದೆ ಆದವು. ಅವುಗಳಲ್ಲಿ ಅವರಿಗೆ ಆಸಕ್ತಿಯಿಲ್ಲ. ವಾನಾಕಾ ದಾಟಿ ಹಾಸ್ಟ್ ಕಣಿವೆಗಿಳಿಯುವ ದಾರಿಯಲ್ಲಿ ಮೊದಲ ಒಂಟಿ ಸೇತುವೆ ಕಂಡಾಗ ಮಾತ್ರ ನೆಟ್ಟಗೆ ಕೂತರು. ಎರಡು ಲೇನಿನ ಹೆದ್ದಾರಿ ನದಿಯ ಹತ್ತಿರ ಬಂದೊಡನೆ ಒಂದೇ ಲೇನಾಗಿ, ಆಚೆ ದಡದಲ್ಲಿ ಮತ್ತೆ ಎರಡಾಗುತ್ತದೆ.

"ಇನ್ನರ್ಧ ಎಲ್ಲಿ?" ಎಂದರು. "ಬಿಲ್ ಮಾತ್ರ ಪೂರ್ತಿ ಪಾಸಾಗಿರುತ್ತೆ, ನೋಡ್ತಿರು."

ಸೇತುವೆಯ ಮುಂದೆ ಒಂದು ಫಲಕ, ಅದರಲ್ಲಿ ಎರಡು ಬಾಣ. ನಮ್ಮ ಕಡೆಯದು ಚಿಕ್ಕ ಕೆಂಪು ಬಾಣವಾದರೆ ನಾವು ನಿಂತು ಎದುರಿನವರಿಗೆ ದಾರಿ ಬಿಡಬೇಕು. ದೊಡ್ಡದಾದರೆ ಅವರು ನಿಲ್ಲುತ್ತಾರೆ. ಸೀಟಿ ಊದುವ ಪೊಲೀಸಿಲ್ಲ, ಹಾರ್ನಿಲ್ಲ. ನಡುಸೇತುವೆಯಲ್ಲಿ ಎರಡು ಗಾಡಿ ಮೂತಿಗೆ ಮೂತಿ ಕೊಟ್ಟು ನಿಂತು, ಯಾರು ಹಿಂದೆ ಹೋಗಬೇಕೆಂದು ಪಂಚಾಯಿತಿಯಾಗುವುದನ್ನು ಮಾವ ಪ್ರತಿ ಸೇತುವೆಯಲ್ಲೂ ಆಸೆಯಿಂದ ಕಾದರು. ಎದುರಿನ ಚಾಲಕ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ಹೋಗಿಬಿಡುತ್ತಿದ್ದ. "ಶುದ್ಧ ಸಪ್ಪೆ ಜನ" ಎಂದರು.

ಹಾಸ್ಟ್ ನದಿಯ ಸೇತುವೆ ಅವರನ್ನು ಬೀಳಿಸಿತು. 737 ಮೀಟರ್ ಉದ್ದ, ಅಷ್ಟೂ ಒಂಟಿ ಲೇನು, ನಡುವೆ ಸರಿದು ನಿಲ್ಲಲು ಎರಡು ಕಡೆ ಜಾಗ. ದಾಟಿದ ಮೇಲೆ ಕಾರು ನಿಲ್ಲಿಸಲು ಹೇಳಿ, ಇಳಿದು, ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಇನ್‌ಸ್ಪೆಕ್ಷನ್ನಿಗೆ ಬಂದ ಸೂಪರಿಂಟೆಂಡಿಂಗ್ ಎಂಜಿನಿಯರರ ಭಂಗಿ. ಹೊಕಿಟಿಕಾ ತಲುಪುವಷ್ಟರಲ್ಲಿ ಪಕ್ಷಾಂತರವಾಗಿತ್ತು. "ಎರಡು ನಿಮಿಷ ಕಾಯೋ ಜನ ಇದ್ರೆ ಅರ್ಧ ಸೇತುವೆ ಸಾಕಪ್ಪ. ಕಾಯದೇ ಇರೋರಿಗೆ ಆರು ಲೇನ್ ಕಟ್ಟಿದ್ರೂ ಅಷ್ಟೆ."

ಮಗಳು ಈ ಕಾನೂನನ್ನು ಕಾರಿನೊಳಕ್ಕೆ ತಂದಳು. ಚಾರ್ಜರ್ ಒಂದು, ಫೋನು ನಾಲ್ಕು. ಯಾರ ಬಾಣ ದೊಡ್ಡದು, ಯಾರದು ಕೆಂಪು ಎಂದು ಪ್ರತಿ ಬೆಳಿಗ್ಗೆ ಅವಳೇ ಘೋಷಿಸುವಳು. ನನ್ನದು ದಿನವೂ ಕೆಂಪು. ಗಾಡಿ ಓಡಿಸುವವನಿಗೆ ಫೋನ್ ಯಾಕೆ ಎಂಬ ವಾದಕ್ಕೆ ಮನೆಮಂದಿಯೆಲ್ಲ ತಲೆದೂಗಿದರು. ಆಮೇಲೆ ಕಿಟಕಿಯ ಸೀಟು, ಪಲ್ಯದ ಡಬ್ಬಿಯ ತಳ, ಬಚ್ಚಲುಮನೆಯ ಸರದಿ ಎಲ್ಲದಕ್ಕೂ ಇದೇ ಶಾಸನ ಜಾರಿಯಾಯಿತು.

ಬಾಣಕ್ಕೆ ಜಗ್ಗದ ಒಂದೇ ಜೀವಿ ಸಿಕ್ಕಿದ್ದು ಆರ್ಥರ್ಸ್ ಪಾಸಿನಲ್ಲಿ. ಕೀಯಾ ಎಂಬ ಬೆಟ್ಟದ ಗಿಳಿ. ಹಸಿರು ಮೈ, ರೆಕ್ಕೆಯಡಿ ಕಿತ್ತಳೆ, ಕಾರಿನ ರಬ್ಬರ್ ಕೀಳುವುದು ಹವ್ಯಾಸ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಒಂದು ಕೀಯಾ ಬಾಗಿಲಂಚಿನ ರಬ್ಬರನ್ನು ಗೇಣುದ್ದ ಎಳೆದಿತ್ತು. ಕಾನೂನಿನ ರಕ್ಷಣೆ ಇರುವ ಹಕ್ಕಿ, ಮುಟ್ಟುವ ಹಾಗಿಲ್ಲ. ಮಾವ ಕೊಡೆ ಬಿಚ್ಚಿ ಮುಚ್ಚಿ ಹೆದರಿಸಿದರು. ಅದು ತಲೆ ಓರೆ ಮಾಡಿ ನೋಡಿ, ಕೊಡೆಯ ಹಿಡಿಯೂ ರಬ್ಬರೇ ಎಂಬುದನ್ನು ಗಮನಿಸಿಕೊಂಡಿತು. ಮಾವ ಕಾರೊಳಗೆ ಬಂದು ಬಾಗಿಲು ಹಾಕಿಕೊಂಡರು.

ಕಾರು ಒಪ್ಪಿಸುವಾಗ ಆ ರಬ್ಬರಿಗೆ ಎಷ್ಟು ದಂಡವೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಹುಡುಗ ಸುತ್ತ ಬಂದು, ಅಲ್ಲಿ ನಿಂತು, ಬಗ್ಗಿ, "ಕೀಯಾ?" ಎಂದ. ನಾಲ್ವರೂ ಒಟ್ಟಿಗೆ "ಕೀಯಾ!" ಎಂದೆವು. ಇಷ್ಟು ದಿನದಲ್ಲಿ ನಾವು ಒಮ್ಮತಕ್ಕೆ ಬಂದ ಮೊದಲ ವಿಷಯ ಅದು. ನಕ್ಕು ಏನೋ ಬರೆದುಕೊಂಡ. ಬಿಲ್ಲು ಈಮೇಲಿನಲ್ಲಿ ಬರುತ್ತದೆಂದು ಆಮೇಲೆ ಹೇಳಿದ.

ವಿಮಾನಕ್ಕೆ ಕಾಯುವಾಗ ಹೆಂಡತಿ, ಮುಂದಿನ ಸಲ ಐಸ್‌ಲ್ಯಾಂಡ್ ಎಂದಳು. ಅಲ್ಲಿ ಬೇಸಿಗೆಯಲ್ಲಿ ಕತ್ತಲಾಗುವುದಿಲ್ಲವಂತೆ, ನಿದ್ದೆಯೇ ಬರುವುದಿಲ್ಲವಂತೆ, ಎಲ್ಲ ನೋಡಬಹುದಂತೆ. ಅಷ್ಟು ಚಳಿಯ ದೇಶಕ್ಕೆ ತಾನಂತೂ ಬರುವುದಿಲ್ಲವೆಂದು ಮಾವ ಶಾಲು ಬಿಗಿ ಮಾಡಿದರು. ಮಗಳು ಫೋನ್ ನೋಡುತ್ತ, "ತಾತ, ಅಲ್ಲಿನ ಹೆದ್ದಾರಿಯಲ್ಲೂ ಒಂಟಿ ಸೇತುವೆಗಳಿವೆ" ಎಂದಳು.

ಮಾವ ಮಾತಾಡಲಿಲ್ಲ. ಜೇಬಿನಿಂದ ಪಾಸ್‌ಪೋರ್ಟ್ ತೆಗೆದು, ಕನ್ನಡಕ ಏರಿಸಿ, ಅವಧಿ ಮುಗಿಯುವ ತಾರೀಕು ಹುಡುಕತೊಡಗಿದರು.