ನಮ್ಮ ಹಿತ್ತಿಲ ಕೇರೆ ಹಾವಿಗೊಂದು ಬಹಿರಂಗ ಪತ್ರ

ಕೇರೆ ಹಾವೇ,

ಈ ಪತ್ರ ಓದುವವರು ಮನುಷ್ಯರೇ ಎಂದು ಗೊತ್ತಿದೆ. ಆದರೂ ನಿನ್ನ ಹೆಸರಿಗೇ ಬರೆಯುತ್ತಿದ್ದೇನೆ. ಮಲೆನಾಡಿನ ಹಿತ್ತಿಲುಗಳಲ್ಲಿ ಕೋಳಿಮರಿ ಕಾಣೆಯಾಯಿತು ಎಂದರೆ ಮೊದಲ ದೊಣ್ಣೆಪೆಟ್ಟು ಬೀಳುವುದು ನಿನ್ನ ಮೇಲೆ.

ನೀನು ಏನೂ ಮಾಡಿಲ್ಲ ಎಂದು ನಾನು ವಾದಿಸುವುದಿಲ್ಲ. ನಿನಗೆ ವಿಷವಿಲ್ಲ, ಹೆಬ್ಬಾವಿನ ಹಾಗೆ ಸುತ್ತಿ ಹಿಸುಕುವವನೂ ಅಲ್ಲ. ಸಿಕ್ಕಿದ ಮರಿಯನ್ನು ನೆಲಕ್ಕೆ ಒತ್ತಿ ಹಿಡಿದು ಹಾಗೇ ನುಂಗುತ್ತೀಯೆ. ಆ ಹೊತ್ತಿನಲ್ಲಿ ಹೇಂಟೆ ಹಾಕುವ ಬೊಬ್ಬೆ ಕೇಳಿದವರಿಗೆ ಅದರ ಸಂಕಟ ಗೊತ್ತು. ನಾಟಿ ಕೋಳಿ ಸಾಕುವ ಹೆಂಗಸಿಗೆ ಹತ್ತು ಮರಿ ಎಂದರೆ ಹಬ್ಬದ ಖರ್ಚು, ಮಕ್ಕಳ ಪುಸ್ತಕ, ಔಷಧಿ. ಆ ನಷ್ಟವನ್ನು ಹಗುರವಾಗಿ ಕಾಣುವುದು ನನ್ನಿಂದಾಗದು.

ಆದರೆ ಹೋದ ಮರಿಗಳನ್ನೆಲ್ಲ ನಿನ್ನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ನೀನು ಹಗಲು ತಿರುಗುವ ಹಾವು. ಹಗಲಲ್ಲೇ ಗಿಡುಗ, ಕಾಗೆ, ಮುಂಗುಸಿಗಳೂ ಅಂಗಳಕ್ಕೆ ಇಳಿಯುತ್ತವೆ. ರಾತ್ರಿ ಕತ್ತು ಕಡಿದು, ಗೂಡಿನ ತುಂಬ ಗರಿ ಚೆಲ್ಲಿ ಹೋಗುವುದು ಕಾಡುಬೆಕ್ಕು, ಪುನುಗುಬೆಕ್ಕು, ಬೀದಿನಾಯಿಗಳ ಕೆಲಸ. ಮೂಲೆಯಲ್ಲಿ ಹೊಸ ಮಣ್ಣು ಕೆದರಿದ್ದರೆ ಅದು ಹೆಗ್ಗಣ. ಗರಿಯೂ ಇಲ್ಲ, ರಕ್ತವೂ ಇಲ್ಲ, ಮೊಟ್ಟೆಯೋ ಮರಿಯೋ ಇಡಿಯಾಗಿ ಮಾಯ ಎಂದಾಗ ಮಾತ್ರ ಹಾವನ್ನು ನೆನೆಯಬೇಕು.

ನಿನ್ನನ್ನು ಗೂಡಿನ ತನಕ ಕರೆತರುವುದು ಬಹಳ ಸಲ ಇಲಿ. ಚೆಲ್ಲಿದ ಅಕ್ಕಿನುಚ್ಚು, ಬಾಯಿ ಕಟ್ಟದ ತೌಡಿನ ಚೀಲ ಇದ್ದಲ್ಲಿ ಇಲಿ ಬರುತ್ತದೆ, ಇಲಿಯ ಹಿಂದೆ ನೀನು, ಇಲಿಗಾಗಿಯೇ ನಾಗರನೂ. ಕಾಳನ್ನು ಮುಚ್ಚಳದ ತಗಡಿನ ಡಬ್ಬಿಯಲ್ಲಿಟ್ಟು, ಸಂಜೆಯೊಳಗೆ ಮೊಟ್ಟೆ ತೆಗೆದು, ಕಟ್ಟಿಗೆ ಮತ್ತು ಹಂಚಿನ ರಾಶಿಯನ್ನು ಗೂಡಿನಿಂದ ದೂರ ಸರಿಸಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಜಾಲರಿಯದು. ಪೇಟೆಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆ ಕಣ್ಣಿನ ತಂತಿ ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ಹಾವನ್ನು ಹೊರಗೆ ಇಡುವುದಿಲ್ಲ. ತಲೆ ತೂರಿದಲ್ಲಿ ನಿನ್ನ ಮೈಯೂ ತೂರುತ್ತದೆ. ಒಳಗೆ ಹೋಗಿ ಮರಿ ನುಂಗಿದ ಮೇಲೆ ಹೊಟ್ಟೆ ಉಬ್ಬಿ, ಬಂದ ಕಿಂಡಿಯಲ್ಲಿ ವಾಪಸಾಗಲಾರದೆ ಮೂಲೆಯಲ್ಲಿ ಸುರುಳಿ ಸುತ್ತಿ ಕೂರುತ್ತೀಯೆ. ಜನ ನಿನ್ನನ್ನು ಕಾಣುವುದು, ಕೊಲ್ಲುವುದು ಆಗಲೇ. ಅರ್ಧ ಇಂಚಿನ ಕಣ್ಣಿನ ವೆಲ್ಡ್ ಜಾಲರಿ ದೊಡ್ಡ ಹಾವುಗಳನ್ನು ತಡೆಯುತ್ತದೆ. ಮರಿಹಾವಿನ ಭಯವಿದ್ದರೆ ಕೆಳಭಾಗಕ್ಕೆ ಕಾಲು ಇಂಚಿನದು ಬೇಕು. ಅದರ ಅಂಚನ್ನು ಒಂದಡಿ ನೆಲದೊಳಗೆ ಹೂಳಬೇಕು, ಬಾಗಿಲಿನ ಅಡಿ ಸಂದು ಮುಚ್ಚಬೇಕು, ಸಾಧ್ಯವಿದ್ದರೆ ಗೂಡನ್ನೇ ಎರಡಡಿ ಎತ್ತರದ ಕಾಲುಗಳ ಮೇಲೆ ಕೂರಿಸಬೇಕು. ಕಾರ್ಬಾಲಿಕ್ ಆಸಿಡ್, ಫಿನಾಯಿಲ್, ಜಜ್ಜಿದ ಬೆಳ್ಳುಳ್ಳಿ ನೀನು ಬರದಿರಲೆಂದು ಇವಕ್ಕೆಲ್ಲ ಹಾಕುವ ದುಡ್ಡನ್ನು ತಂತಿಗೆ ಹಾಕಿದರೆ ಕೋಳಿಗೂ ಒಳ್ಳೆಯದು.

ನನಗೆ ತೀರಾ ಸಿಟ್ಟು ಬರುವುದು ನೈಲಾನ್ ಬಲೆ ಕಂಡಾಗ. ಹಳೆಯ ಮೀನುಬಲೆಯನ್ನು ಗೂಡಿನ ಸುತ್ತ ಸುತ್ತಿ ಬಂದೋಬಸ್ತಾಯಿತು ಎಂದುಕೊಳ್ಳುತ್ತಾರೆ. ನಿನ್ನ ಹುರುಪೆಗಳ ಅಂಚು ಬಾಲದ ಕಡೆಗೆ ವಾಲಿರುವುದರಿಂದ ಮುಂದಕ್ಕೆ ನುಗ್ಗಬಲ್ಲೆ, ಹಿಂದಕ್ಕೆ ಎಳೆದುಕೊಂಡರೆ ದಾರ ಹುರುಪೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಒದ್ದಾಡಿದಷ್ಟೂ ಬಿಗಿದು ಚರ್ಮ ಸೀಳುತ್ತದೆ. ಬಿಸಿಲಿನಲ್ಲಿ ಹಾಗೇ ಸತ್ತ ನಿನ್ನ ಕುಲದವರನ್ನು ನೋಡಿದ್ದೇನೆ. ಬದುಕಿದ್ದರೆ ಬಿಡಿಸುವುದೂ ಸುಲಭವಲ್ಲ, ಒಬ್ಬರು ತಲೆ ಹಿಡಿದು ಇನ್ನೊಬ್ಬರು ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಬೇಕು. ಅದು ನೀನೋ ನಾಗರನೋ ಎಂದು ಖಚಿತವಾಗಿ ಗೊತ್ತಿಲ್ಲದವರು ಹತ್ತಿರ ಹೋಗದೆ, ಹಾವು ಹಿಡಿಯುವವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಮ್ಮಿಬ್ಬರನ್ನೂ ಕೊಲ್ಲಬಾರದು ಎನ್ನುತ್ತದೆ.

ನಾಗರನ ಮಾತು ಬಂದದ್ದರಿಂದ ಮನೆಯವರಿಗೆ ಒಂದು ಮಾತು. 2000ರಿಂದ 2019ರವರೆಗಿನ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ, ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ಆದೇಶಿಸಿತು. ನಸುಕಿನಲ್ಲಿ ಮೊಟ್ಟೆಗೆಂದು ಕತ್ತಲ ಗೂಡಿಗೆ ಬರಿಗೈ ಹಾಕಬೇಡಿ ಅಮ್ಮಾ, ಮೊದಲು ಟಾರ್ಚ್ ಬಿಡಿ. ಕಡಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು ಬೇಡ. ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಹೋಗಿ.

ಕೇರೆಯೇ, ನಮ್ಮ ಗದ್ದೆ, ತೋಟ, ಕಣಜಗಳ ಇಲಿ ಹಿಡಿಯಲು ನೀನು ಬೇಕು, ಮೊಟ್ಟೆ ಮರಿಗೆ ನಮ್ಮ ಕೋಳಿಯೂ ಬೇಕು. ಮಳೆ ಹಿಡಿಯುವುದರೊಳಗೆ ನಮ್ಮ ಕೇರಿಯಲ್ಲಿ ಯಾರು ನೈಲಾನ್ ಬಲೆ ಬಿಚ್ಚಿ ತಂತಿ ಜಾಲರಿ ಕಟ್ಟಲು ಮುಂದಾದರೂ, ಇಕ್ಕಳ ಹಿಡಿದು ನಾನು ಹೋಗುತ್ತೇನೆ.

ಇಂತಿ,
ನಿನ್ನ ನೆರೆಯ ಕೋಳಿ ಸಾಕುವವಳು