ಕಿಟಕಿಯ ಅಂಚೂ ನಾನೂ

ಬಾಸ್ಟನ್ ಕಡೆಯ ಹಳೇ ಮರದ ಮನೆಗಳಲ್ಲಿ ಕಿಟಕಿಯ ಸುತ್ತ ಹೊರಗಡೆ ಅಗಲವಾದ ಮರದ ಪಟ್ಟಿ, ನೆತ್ತಿಯ ಮೇಲೆ ಪುಟ್ಟದೊಂದು ಕುಸುರಿ ಇರುತ್ತದೆ. ಇರಬೇಕು. ನಮ್ಮ ಮನೆಯಲ್ಲಿ ಯಾರೋ ಪುಣ್ಯಾತ್ಮ ಅದಕ್ಕೆ ಅಲ್ಯೂಮಿನಿಯಂ ತಗಡು ಹೊದಿಸಿದ್ದ. ತಗಡು ಕಿತ್ತರೆ ಪೇಂಟು. ಪೇಂಟಿನ ಕೆಳಗೂ ಪೇಂಟು. ಬಿಳಿ, ಹಸಿರು, ಸಾಸಿವೆ ಬಣ್ಣ, ಮತ್ತೆ ಬಿಳಿ. ಹಿಂದಿನ ಯಜಮಾನರೆಲ್ಲ ತಂತಮ್ಮ ಹೆಂಡತಿಯರೆದುರು ಸೋತ ಜಗಳಗಳ ಕಡತವೇ ಅಲ್ಲಿತ್ತು.

ಕೆರೆಯೋಣವೆಂದರೆ ಅದೇನು ಸಲೀಸೇ? ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಿಂದಿನ ಪೇಂಟನ್ನು ಒದ್ದೆ ಮಾಡದೆ ಉಜ್ಜಿದರೆ ವಿಷದ ಧೂಳು. ಹಾಗಾಗಿ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಪೇಂಟಿಗೆ ನೀರು ಚಿಮುಕಿಸಿ, ಮೂತಿಗೆ ಮಾಸ್ಕು, ಮೈಗೆ ಬಿಳಿ ನಿಲುವಂಗಿ ಏರಿಸಿಕೊಂಡು ಏಣಿ ಹತ್ತಿದೆ. ಪಕ್ಕದ ಮನೆಯ ಅಜ್ಜಿ ಸರ್ರನೆ ಪರದೆ ಎಳೆದುಕೊಂಡರು. ವಿಡಿಯೋ ಕಾಲ್‌ನಲ್ಲಿದ್ದ ಅಮ್ಮ ಮಾತ್ರ ಕಿಂಚಿತ್ತೂ ವಿಚಲಿತಳಾಗಲಿಲ್ಲ. “ಅಷ್ಟು ಓದಿಸಿದ್ದು ಇದಕ್ಕೇನೋ? ಒಂದು ಕೈ ಸುಣ್ಣ ಹೊಡೆದು ಒಳಗೆ ಬಾ, ಥಂಡಿ ಆಗತ್ತೆ.”

ಮರ ಮಾತ್ರ ಗಟ್ಟಿ ಆಸಾಮಿ. ಹಳೇ ಕಾಡಿನಲ್ಲಿ ನಿಧಾನಕ್ಕೆ ಬೆಳೆದ ಪೈನ್, ಉಂಗುರಗಳೆಲ್ಲ ಒತ್ತೊತ್ತಾಗಿ. ಕೊಳೆತಿದ್ದದ್ದು ನೀರು ನಿಲ್ಲುವ ಕೆಳಗಿನ ಪಟ್ಟಿಯಷ್ಟೇ. ಅಲ್ಲಿಗೆ ಎಪಾಕ್ಸಿ ಮೆತ್ತಿದೆ. ಮಿಕ್ಕಿದ್ದು ನನ್ನ ತಲೆಗೂದಲಿಗೆ. ಅಂತೂ ಒಂದು ಕಿಟಕಿ ಮುಗಿಯಿತು. ಹೆಂಡತಿ ರಸ್ತೆಯಾಚೆ ನಿಂತು ಕತ್ತು ಓರೆ ಮಾಡಿ ನೋಡಿದಳು. “ಚೆನ್ನಾಗಿದೆ ರೀ. ಆದ್ರೆ ಈಗ ಬಾಗಿಲು ಎಷ್ಟು ಹಳೇದು ಅನ್ನಿಸ್ತಿದೆ ಅಲ್ವಾ?”