ಕೊಂಡಜ್ಜಿ ರಸ್ತೆಯಲ್ಲಿ ಕಂಪ್ರೆಸರಿನ ಅವಸಾನ: ಒಂದು ತಾತ್ವಿಕ ವಿವೇಚನೆ

ಪ್ರಸ್ತುತ ಅಧ್ಯಯನವು ಹಳೆಯ ಕಾರುಗಳಲ್ಲಿ ಹವಾನಿಯಂತ್ರಣ ಸಂಪೀಡಕದ, ಎಂದರೆ ಎ.ಸಿ. ಕಂಪ್ರೆಸರಿನ, ಬದಲಾವಣೆಯ ಪ್ರಕ್ರಿಯೆಯನ್ನು ದೇಸಿ ಪರಿಪ್ರೇಕ್ಷ್ಯದಲ್ಲಿ, ಬಹುಆಯಾಮಿ ನೆಲೆಯಲ್ಲಿ, ಅಂತರ್‌ಶಿಸ್ತೀಯ ಚೌಕಟ್ಟಿನೊಳಗೆ ಮರುಚಿಂತನೆಗೆ ಒಡ್ಡುವ ವಿನಮ್ರ ಪ್ರಯತ್ನವಾಗಿದೆ. ಅಧ್ಯಯನದ ವ್ಯಾಪ್ತಿ: ದಾವಣಗೆರೆಯಿಂದ ಕೊಂಡಜ್ಜಿ, ಅಲ್ಲಿಂದ ಹರಿಹರ. ಅಧ್ಯಯನದ ಮಿತಿ: ಲೇಖಕನ ಜೇಬು. ಪ್ರಾಥಮಿಕ ಆಕರ: ಕೆಎ-17 ನೋಂದಣಿಯ ಒಂದು ಮಾರುತಿ ಎಂಟುನೂರು. ದ್ವಿತೀಯಕ ಆಕರವಾಗಿ ಇನ್ನೊಂದು ಕಾರು ಇರಬೇಕಿತ್ತು, ಇಲ್ಲ.

ಪೂರ್ವಸೂರಿಗಳ ಸಮೀಕ್ಷೆ ಮಾಡದೆ ಮುಂದೆ ಹೋಗುವಂತಿಲ್ಲ, ಮಾರ್ಗದರ್ಶಕರು ಬಿಡುವುದಿಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರ್ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಕಾಗದ ತೇವಕ್ಕೆ ಉಬ್ಬದಿರಲೆಂದು ಹವಾನಿಯಂತ್ರಣದ ಯಂತ್ರ ರೂಪಿಸಿದ. ಕಾರಿಗೆ ಅದು ಬಂದದ್ದು ಪ್ಯಾಕರ್ಡ್ ಕಂಪನಿಯ 1940ರ ಮಾಡೆಲ್ಲುಗಳಲ್ಲಿ. ಎಂದರೆ ತಂಪು ಮೊದಲು ಸಿಕ್ಕಿದ್ದು ಕಾಗದಕ್ಕೆ, ಆಮೇಲೆ ಮನುಷ್ಯನಿಗೆ. ನಮ್ಮ ವಿಶ್ವವಿದ್ಯಾಲಯಗಳು ಈ ಕ್ರಮವನ್ನು ಇವತ್ತಿಗೂ ನಿಷ್ಠೆಯಿಂದ ಪಾಲಿಸುತ್ತಿವೆ.

ಇನ್ನು ಧ್ವನಿ ಸಿದ್ಧಾಂತ. ಆನಂದವರ್ಧನ 9ನೇ ಶತಮಾನದ ಕಾಶ್ಮೀರದವನು, ಎ.ಸಿ.ಯ ಹಂಗಿರಲಿಲ್ಲ, ಹಾಗಾಗಿ ಅವನಲ್ಲಿ ಬೇರಿಂಗಿನ ಪ್ರಸ್ತಾಪ ಬರುವುದಿಲ್ಲ. ಆ ಕೊರತೆಯನ್ನು ಪ್ರಸ್ತುತ ಲೇಖಕ ತುಂಬುತ್ತಾನೆ. ಕಂಪ್ರೆಸರಿನ ಧ್ವನಿ ಎಂಟು ಬಗೆ. ಮೊದಲನೆಯದು ಏಕಟಕ್ಕಾರ ಧ್ವನಿ: ಸ್ವಿಚ್ ಒತ್ತಿದೊಡನೆ ಮ್ಯಾಗ್ನೆಟಿಕ್ ಕ್ಲಚ್ ಪುಲ್ಲಿಯನ್ನು ಕಚ್ಚಿಕೊಳ್ಳುವ ಸದ್ದು. ಇದು ವಾಚ್ಯ, ಆರೋಗ್ಯದ ಲಕ್ಷಣ. ಎರಡನೆಯದು ಬಹುಟಕ್ಕಾರ: ಕಚ್ಚಿ ಬಿಡುತ್ತದೆ, ಕಚ್ಚಿ ಬಿಡುತ್ತದೆ. ಗ್ಯಾಸ್ ಕಡಿಮೆಯಾಗಿ ಪ್ರೆಶರ್ ಸ್ವಿಚ್ಚು ಅದನ್ನು ಮತ್ತೆ ಮತ್ತೆ ನಿಲ್ಲಿಸುತ್ತಿದೆ ಎಂಬುದು ಇಲ್ಲಿನ ಲಕ್ಷ್ಯಾರ್ಥ. ಮೂರನೆಯದು ಘರ್ಘರ ಧ್ವನಿ. ಇದರಲ್ಲಿ ಎರಡು ಉಪಭೇದ: ಎ.ಸಿ. ಆಫ್ ಮಾಡಿದರೂ ಬರುತ್ತಿದ್ದರೆ ಪುಲ್ಲಿಯ ಬೇರಿಂಗು, ಏಕೆಂದರೆ ಬೆಲ್ಟು ಇರುವವರೆಗೂ ಪುಲ್ಲಿ ತಿರುಗುತ್ತಲೇ ಇರುತ್ತದೆ. ಆನ್ ಮಾಡಿದಾಗ ಮಾತ್ರ ಬಂದರೆ ಒಳಗಿನ ಸವೆತ. ನಾಲ್ಕನೆಯದು ಮೌನ. ಉಳಿದ ನಾಲ್ಕನ್ನು ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಇಳಿಸಿಕೊಂಡು ಹೋಗುವವನ ಕೈಲಿ ಬರೆಸಬೇಡಿ. ಇದ್ದ ಮರ್ಮವೆಲ್ಲ ಮೂರನೆಯದರಲ್ಲೇ ಇದೆ.

ಆ ಮರ್ಮ ಗೊತ್ತಾಗುವ ಮೊದಲು ಕಾರು ದಾವಣಗೆರೆಯ ಒಂದು ಗ್ಯಾರೇಜಿಗೆ ಹೋಗಿತ್ತು. ಬಾನೆಟ್ ಎತ್ತಿದ ಹುಡುಗ ಒಳಗೆ ನೋಡಿದ್ದು ಎಷ್ಟು ಹೊತ್ತೋ, ಕೈ ಹಾಕಲಂತೂ ಇಲ್ಲ. “ಕಂಪ್ರೆಸರ್ ಹೋಗೇತ್ರಿ ಸಾರ್, ಹೊಸದೇ ಹಾಕ್ಸ್ರಿ.” ಎಸ್ಟಿಮೇಟು ಕಂಪ್ಯೂಟರಿನಿಂದ ಹೊರಬಂತು. ಆ ಮೊತ್ತಕ್ಕೆ ಆ ಕಾರನ್ನೇ ಮಾರಬಹುದಿತ್ತು, ಕೊಳ್ಳುವವನು ಕುರುಡನಾಗಿದ್ದರೆ.

ಈ ಸಂದರ್ಭದಲ್ಲಿ ಒಂದು ವಿಷಯಾಂತರ ಅನಿವಾರ್ಯ. ಅದೇ ಬೇಸಿಗೆಯಲ್ಲಿ ಒಂದು ಕಾಲೇಜಿನ ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಕೂತಿದ್ದೆ. ವಿಷಯ ದುಡಿಮೆಯ ಸಂಕಥನಗಳು. ಸಭಾಂಗಣಕ್ಕೆ ಎ.ಸಿ. ಇತ್ತು, ಅದಕ್ಕೇ ಕೂತಿದ್ದೆ. ‘ಶ್ರಮದ ಅನನ್ಯತೆಯ ನಿರ್ವಚನ’, ‘ಕಾಯಕ ಪ್ರಜ್ಞೆಯ ಪುನರ್‌ರಚನೆ’, ಹೀಗೆ ಒಬ್ಬರಾದ ಮೇಲೆ ಒಬ್ಬರು ಓದಿದರು. ಐ.ಎಸ್.ಬಿ.ಎನ್. ಇರುವ ಸಂಪುಟ ಬರುತ್ತದೆ, ಬಡ್ತಿಗೆ ಅಂಕ ಸಿಗುತ್ತದೆ, ಸಂತೋಷ. ಆದರೆ ಅಲ್ಲಿಂದ ಹರಿಹರ ಎಷ್ಟು ದೂರ? 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ದೇಶಕ್ಕೆಲ್ಲ ಲೇತ್ ಮಾಡಿ ಕಳಿಸಿದ ಊರು ಅದು. ಅಲ್ಲಿಂದ ಹೋದ ಟರ್ನ್‌ಮಾಸ್ಟರ್ ಲೇತುಗಳು ಇವತ್ತಿಗೂ ಎಷ್ಟೋ ಐ.ಟಿ.ಐ.ಗಳಲ್ಲಿ ಹುಡುಗರ ಕೈಗೆ ಮೊದಲ ಎಣ್ಣೆ ಹಚ್ಚುತ್ತಿವೆ. ಹೊಸ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಇತ್ತ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿದ ಹತ್ತಿ ಗಿರಣಿಗಳೂ ಒಂದೊಂದಾಗಿ ನಿಂತವು. ಎರಡು ದಿನದಲ್ಲಿ ದುಡಿಮೆ ಎಂಬ ಪದ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಕಿರ್ಲೋಸ್ಕರ್ ಎಂಬ ಪದ ಬರಲಿಲ್ಲ. ಮೈಕ್ರೋಮೀಟರ್ ಹಿಡಿದ ಒಬ್ಬನನ್ನೂ ವೇದಿಕೆಗೆ ಕರೆದಿರಲಿಲ್ಲ. ಕರೆಯುವುದಾದರೂ ಹೇಗೆ, ಅವನಿಗೆ ಸಂಕಥನ ಬರುವುದಿಲ್ಲವಲ್ಲ! ಗ್ಯಾರೇಜಿನ ಹುಡುಗ ಬೇರಿಂಗಿಗೆ ಕೈ ಹಾಕಲಿಲ್ಲವೆಂದು ಬೈದುಕೊಂಡಿದ್ದೆ. ಅವನಿಗೆ ಕಲಿಸುವವರು ಎಲ್ಲಿದ್ದಾರೆ? ಕಲಿಸಬೇಕಾದವರ ಮೇಲೆ ನಾವು ಪ್ರಬಂಧ ಬರೆದುಕೊಂಡು ಕೂತಿದ್ದೇವೆ, ಅದೂ ಅವರನ್ನು ಕೇಳದೆ.

ಅಧ್ಯಯನಕ್ಕೆ ಮರಳೋಣ. ಹರಿಹರದ ಒಂದು ಸಣ್ಣ ಲೇತ್ ಅಂಗಡಿಯ ಹಿರಿಯರು ಕಾರು ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟು ಕೇಳಿದರು. ಎ.ಸಿ. ಆಫ್ ಇದ್ದಾಗಲೂ ಅದೇ ಗರಗರ. “ಕಂಪ್ರೆಸರ್ ಗಟ್ಟಿ ಐತ್ರಿ. ಬೇರಿಂಗ್ ಹೋಗಿ, ಕಾದು, ಕ್ಲಚ್ ಕಾಯಿಲ್ ಸುಟ್ಟೇತಿ. ಇದಕ್ಯಾಕ್ರಿ ಹೊಸದು?” ಗ್ಯಾಸಿನ ಪೈಪಿಗೆ ಕೈ ಹಚ್ಚಲೇ ಇಲ್ಲ. ಮುಂದಿನ ಕ್ಲಚ್ ಪ್ಲೇಟು ತೆಗೆದರು, ಸರ್ಕ್ಲಿಪ್ ಬಿಡಿಸಿದರು, ಪುಲ್ಲರ್ ಹಾಕಿ ಪುಲ್ಲಿ ಎಳೆದರು. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಹೆಬ್ಬೆರಳಿನಿಂದ ಜಿಡ್ಡು ಒರೆಸಿ, ಅಂಚಿನ ನಂಬರನ್ನು ಬೆಳಕಿಗೆ ಹಿಡಿದು ಓದಿದರು. ಅದೇ ನಂಬರಿನ ಬೇರಿಂಗು ಊರಲ್ಲೇ ಸಿಕ್ಕಿತು. ಅವರ ಶೋಧಪ್ರಬಂಧ ಅಷ್ಟೇ, ಉಪಸಂಹಾರವಿರಲಿಲ್ಲ.

ಇಲ್ಲಿಗೇ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಮುಂದಿನ ಬೇಸಿಗೆಯಲ್ಲಿ ಕಂಪ್ರೆಸರ್ ನಿಜವಾಗಿಯೂ ಜಾಮ್ ಆಯಿತು, ಕೊಂಡಜ್ಜಿ ಕೆರೆಯ ಏರಿ ಕಾಣುವಷ್ಟು ಹತ್ತಿರ. ಬೆಲ್ಟು ಸುಟ್ಟ ವಾಸನೆ ಸ್ಕೌಟ್ ಶಿಬಿರದ ಕಡೆಯಿಂದ ಬರುತ್ತಿದೆ ಎಂದುಕೊಂಡೆ, ಹುಡುಗರು ಏನೋ ಅಡುಗೆ ಮಾಡುತ್ತಿರಬೇಕೆಂದು. ಈ ಸಲ ಹರಿಹರದ ಹಿರಿಯರೇ ತಲೆ ಆಡಿಸಿದರು: “ಈಗ ಬದಲಿಸ್ರಿ.”

ಬದಲಾವಣೆಯ ಮೀಮಾಂಸೆ ಹೀಗಿದೆ, ಇದನ್ನು ಯಾವ ಪರಿಭಾಷೆಯೂ ಇಲ್ಲದೆ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಜಾಮ್ ಆದ ಕಂಪ್ರೆಸರ್ ಒಳಗೆ ಲೋಹದ ಪುಡಿ ಬಿಡುತ್ತದೆ. ಎಣ್ಣೆ ಬೆರಳಿಗೆ ಹಚ್ಚಿ ನೋಡಿದರೆ ಕಪ್ಪಗೆ, ಮಿಣಮಿಣ ಅನ್ನುತ್ತದೆ. ಆ ಪುಡಿ ಕಂಡೆನ್ಸರ್‌ವರೆಗೂ ಹೋಗಿ ಕೂತಿರುತ್ತದೆ. ಬರೀ ಕಂಪ್ರೆಸರ್ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಲೈನ್ ಫ್ಲಶ್ ಮಾಡಬೇಕು, ಡ್ರೈಯರ್ ಬಾಟಲಿ ಮತ್ತು ಎಕ್ಸ್‌ಪ್ಯಾನ್ಶನ್ ವಾಲ್ವ್ ಹೊಸದು ಹಾಕಬೇಕು, ಓ-ರಿಂಗುಗಳಿಗೆ ಎಣ್ಣೆ ಸವರಿ ಕೂರಿಸಬೇಕು. ಕಂಪ್ರೆಸರಿನ ಮೂತಿಯನ್ನು ಕೈಯಿಂದ ಹತ್ತಾರು ಸುತ್ತು ತಿರುಗಿಸಬೇಕು. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಅರ್ಧ ಗಂಟೆಯಾದರೂ ಬಿಡಬೇಕು. ಒಳಗೆ ತೇವ ಉಳಿದರೆ ಗ್ಯಾಸಿನ ಜೊತೆ ಸೇರಿ ಆಮ್ಲವಾಗಿ ಒಳಗೊಳಗೇ ತಿನ್ನುತ್ತದೆ. ಗ್ಯಾಸನ್ನು ಅಂದಾಜಿನಲ್ಲಲ್ಲ, ತೂಕ ಹಾಕಿ ತುಂಬಬೇಕು. ಸಣ್ಣ ಕಾರಿಗೆ ಅರ್ಧ ಕಿಲೋ ಆಸುಪಾಸು.

ಎಣ್ಣೆಯ ವಿಚಾರದಲ್ಲಿ ಮಾತ್ರ ಸ್ಥಳಪುರಾಣ ನೆನಪಾಗುತ್ತದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತಿದ್ದಾರೆ. ಆದರೆ ಅದೇ ಊರಿನ ಗ್ಯಾರೇಜಿನಲ್ಲಿ ಹಳೆಯ ಆರ್-12 ಗ್ಯಾಸಿನ ಮಿನರಲ್ ಎಣ್ಣೆಗೂ ಆರ್-134ಎ ಗ್ಯಾಸಿನ ಪಿ.ಎ.ಜಿ. ಎಣ್ಣೆಗೂ ಸಮನ್ವಯ ಸಾಧ್ಯವಿಲ್ಲ. ಓಝೋನ್ ಪದರಕ್ಕಾಗಿ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾದ ಮೇಲೆ ಹಳೆಯದು ಮರೆಯಾಯಿತು. 2016ರ ಕಿಗಾಲಿ ತಿದ್ದುಪಡಿಯ ನಂತರ ಹೊಸದಕ್ಕೂ ದಿನಗಣನೆ ಶುರುವಾಗಿದೆ. ಇದರ ಬಗ್ಗೆ ಯಾರಾದರೂ ಸಂಕಿರಣ ಮಾಡಲಿ, ಮಾಡಲೇಬೇಕಾದ ವಿಷಯ.

ಈ ಅಧ್ಯಯನವನ್ನು ಮಂಡಿಸಲು ಒಂದು ಕಡೆಯಿಂದ ಆಹ್ವಾನ ಬಂದಿತ್ತು, ಜೊತೆಗೆ ನೋಂದಣಿ ಶುಲ್ಕದ ವಿವರವೂ. ಆ ದುಡ್ಡಿಗೆ ಒಂದು ಡ್ರೈಯರ್ ಬಾಟಲಿ, ಒಂದು ಓ-ರಿಂಗ್ ಸೆಟ್ಟು ಬರುತ್ತದೆ. ಎರಡನ್ನೂ ತಂದೆ. ಮಂಡನೆ ಇಲ್ಲ.